ಎತ್ತಿಗೂ ನೀರು, ಇಂಜಿನ್‌ಗೂ ನೀರು

ಹುಬ್ಬಳ್ಳಿ-ಧಾರವಾಡದ ಮಂದಿಗೆ ನೀರಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಬಿಡೋ ದಿನ ಯಾವುದು, ಸಿಂಟೆಕ್ಸ್ ಎಷ್ಟು ತುಂಬ್ತು, ನೆಂಟರು ಬಂದ್ರೆ ಅದು ಎಷ್ಟು ದಿನಕ್ಕೆ ಸಾಲುತ್ತೆ, ಇದೆಲ್ಲ ನಮಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ. (24 ತಾಸು ನೀರು ಬರೋ ವಾರ್ಡಿನ ಗೆಳೆಯರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು.) ಹಾಗಾಗಿ ನಾವು ನಾಲ್ಕು ಜನ ಮೆಕ್ಯಾನಿಕಲ್‌ನವರು, ಮೀಟರ್‌ಗೇಜ್ ಕಾಲದಲ್ಲಿ ಫೈರ್‌ಮನ್ ಆಗಿದ್ದ ನಮ್ಮ ಗೆಳೆಯನ ಅಜ್ಜನ ಮುಂದೆ ಕೂತಾಗ ಮೊದಲು ಕೇಳಿದ್ದು ಸ್ಪೀಡ್ ಬಗ್ಗೆ ಅಲ್ಲ, ನೀರಿನ ಬಗ್ಗೆ.

"ಒಂದು ಇಂಜಿನ್ ಎಷ್ಟು ನೀರು ಕುಡೀತಿತ್ತು ಅಜ್ಜಾ?"

"ಎಷ್ಟ ಕೊಟ್ಟರೂ ಕುಡೀತಿತ್ತು ತಗೋರಪಾ."

ಅಜ್ಜ ಕೆಲಸ ಮಾಡಿದ ವೈಪಿ, ವೈಜಿ ಇಂಜಿನ್‌ಗಳ ಹಿಂದಿನ ಟೆಂಡರ್‌ನಲ್ಲಿ ಹತ್ತು ಸಾವಿರ ಲೀಟರ್‌ಗಿಂತ ಹೆಚ್ಚು ನೀರು ಹಿಡೀತಿತ್ತು. ಅಂದ್ರೆ ನಮ್ಮ ಓಣಿಗೆ ಬರೋ ಟ್ಯಾಂಕರ್ ಎರಡು. ಬಾಯ್ಲರ್‌ನಲ್ಲಿ ಒಂದು ಕೆಜಿ ಕಲ್ಲಿದ್ದಲು ಸುಟ್ಟರೆ ಸುಮಾರು ಆರೇಳು ಲೀಟರ್ ನೀರು ಉಗಿಯಾಗುತ್ತೆ. ಆದ್ದರಿಂದ ದಾರಿಯಲ್ಲಿ ಮೊದಲು ಖಾಲಿ ಆಗೋದು ನೀರೇ, ಕಲ್ಲಿದ್ದಲು ಅಲ್ಲ.

ಇಷ್ಟು ನೀರು ಯಾಕೆ ಬೇಕು? ನಮ್ಮ ಥರ್ಮೋಡೈನಮಿಕ್ಸ್ ಪುಸ್ತಕದ ರ‍್ಯಾಂಕಿನ್ ಸೈಕಲ್‌ನಲ್ಲಿ ಉಗಿ ಕೆಲಸ ಮುಗಿಸಿ ಕಂಡೆನ್ಸರ್‌ಗೆ ಹೋಗಿ, ಮತ್ತೆ ನೀರಾಗಿ ಬಾಯ್ಲರ್‌ಗೆ ಬರುತ್ತೆ. ಪರೀಕ್ಷೆಗೆ ಆ ಚಿತ್ರ ಬರೆದೂ ಬರೆದೂ ಬೇಜಾರಾಗಿದೆ. ಸಾಮಾನ್ಯ ರೈಲು ಇಂಜಿನ್‌ನಲ್ಲಿ ಆ ಕಂಡೆನ್ಸರ್ ಇರಲಿಲ್ಲ. ಸಿಲಿಂಡರ್‌ನಿಂದ ಹೊರಬಂದ ಉಗಿಯನ್ನ ಚಿಮಣಿಯಲ್ಲಿ ಮೇಲಕ್ಕೆ ಊದ್ತಾರೆ, ಆ ರಭಸಕ್ಕೆ ಬೆಂಕಿಗೆ ಗಾಳಿ ಎಳೆಯುತ್ತೆ. ಸಿನಿಮಾದಲ್ಲಿ ಕೇಳೋ ಛುಕ್ ಛುಕ್ ಸದ್ದು ಅದೇ. ಪ್ರತಿ ಛುಕ್‌ಗೂ ಒಂದಿಷ್ಟು ನೀರು ಆಕಾಶಕ್ಕೆ ಹೋಯ್ತು ಅಂತ ಲೆಕ್ಕ.

ಇನ್ನು ತುಂಬೋ ವಿಷಯ. ಮನೆಯ ನಲ್ಲಿಯಲ್ಲಿ ನಿಮಿಷಕ್ಕೆ 15 ಲೀಟರ್ ಬರುತ್ತೆ ಅಂದ್ಕೊಂಡ್ರೂ (ನಮ್ಮ ಕಡೆ ಅಷ್ಟು ಬಂದ್ರೆ ಹಬ್ಬ) ಹತ್ತು ಸಾವಿರ ಲೀಟರ್‌ಗೆ ಹನ್ನೊಂದು ತಾಸು ಬೇಕು. ಪ್ಯಾಸೆಂಜರ್ ಗಾಡಿ ಹನ್ನೊಂದು ತಾಸು ನಿಲ್ಲೋಕಾಗುತ್ತಾ? ಅದಕ್ಕೇ ಸ್ಟೇಷನ್ ಪಕ್ಕ ಎತ್ತರದಲ್ಲಿ ಒಂದು ದೊಡ್ಡ ಟ್ಯಾಂಕ್, ಅಲ್ಲಿಂದ ದಪ್ಪ ಪೈಪ್, ಹಳಿ ಪಕ್ಕದಲ್ಲಿ ತಿರುಗೋ ತೋಳಿನ ಕಬ್ಬಿಣದ ಕಂಬ. ನಾವು ಕೂತು ಲೆಕ್ಕ ಹಾಕಿದ್ವಿ: 200 ಮಿಲಿಮೀಟರ್ ಪೈಪ್‌ನಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ಹರಿದರೆ ಸಾಕು, ಐದಾರು ನಿಮಿಷದಲ್ಲಿ ಹತ್ತು ಸಾವಿರ ಲೀಟರ್ ಮುಗೀತು. ಪಂಪ್ ಇಡೀ ದಿನ ನಿಧಾನವಾಗಿ ಟ್ಯಾಂಕ್ ತುಂಬ್ತಾ ಇರುತ್ತೆ, ಗಾಡಿ ಬಂದಾಗ ಎತ್ತರವೇ ಕೆಲಸ ಮಾಡುತ್ತೆ.

ಆದ್ರೆ ನಮ್ಮನ್ನ ತುಂಬಾ ಹೊತ್ತು ಯೋಚನೆಗೆ ಹಚ್ಚಿದ್ದು ಗದಗಿನ ಲೈನು. 1876ರಿಂದ 78ರವರೆಗೆ ದಖ್ಖಣದಲ್ಲಿ ಭೀಕರ ಬರ ಬಿತ್ತು. ಬೇರೆ ಕಡೆ ಕಾಳು ಇದ್ದರೂ ಅದನ್ನ ಬಿಜಾಪುರ, ಧಾರವಾಡದ ಹಳ್ಳಿಗಳಿಗೆ ತರೋದು ಕಷ್ಟ. ಯಾಕಂದ್ರೆ ತರಬೇಕಾಗಿದ್ದು ಚಕ್ಕಡಿ. ಚಕ್ಕಡಿ ಎಳೆಯೋ ಎತ್ತಿಗೆ ದಾರಿಯುದ್ದಕ್ಕೂ ಮೇವು, ನೀರು ಬೇಕು, ಬರದಲ್ಲಿ ಇಲ್ಲದ್ದೂ ಅದೇ. ಆಮೇಲೆ ಇಂಥ ಪ್ರದೇಶಗಳಿಗೆ 'ಬರಗಾಲದ ಲೈನು'ಗಳು ಬಂದವು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದೇ ಹೋಟಗಿ-ಗದಗ ನಡುವೆ ಅಂಥ ಒಂದು ಮೀಟರ್‌ಗೇಜ್ ಹಾಕೋಕೆ. 1884ರಲ್ಲಿ ಅದು ಓಡೋಕೆ ಶುರುವಾಯ್ತು.

ಇಲ್ಲಿ ನಮ್ಮೊಳಗೇ ಜಗಳ ಹತ್ತಿತು. ನೀರಿಲ್ಲ ಅಂತ ಎತ್ತು ಬಿಟ್ಟು, ಎತ್ತಿಗಿಂತ ಸಾವಿರ ಪಟ್ಟು ನೀರು ಕುಡಿಯೋ ಇಂಜಿನ್ ತಂದ್ರೆ ಏನು ಲಾಭ ಅಂತ ಒಬ್ಬ. ಇನ್ನೊಬ್ಬಳು ಹೇಳಿದ್ದು ನಮಗೆ ಸರಿ ಅನ್ನಿಸ್ತು: ಎತ್ತಿಗೆ ಊರೂರಿಗೂ ನೀರು ಬೇಕು, ಇಂಜಿನ್‌ಗೆ ಕೆಲವೇ ಜಾಗದಲ್ಲಿ ಬೇಕು. ಆ ಕೆಲವು ಜಾಗ ಹೊಳೆ ದಂಡೆಯಲ್ಲೋ, ಬತ್ತದ ಬಾವಿ ಪಕ್ಕದಲ್ಲೋ ಸಿಕ್ಕರೆ ಮುಗೀತು. ನಡುವಿನ ಒಣ ನೆಲವನ್ನ ಇಂಜಿನ್ ತನ್ನ ಬೆನ್ನ ಹಿಂದಿನ ನೀರಲ್ಲೇ ದಾಟುತ್ತೆ. ಈ ಲೈನು ಹೊಳೆ ಆಲೂರಲ್ಲಿ ಮಲಪ್ರಭಾ, ಆಲಮಟ್ಟಿ ಹತ್ತಿರ ಕೃಷ್ಣಾ, ಹೋಟಗಿಗೆ ಮೊದಲು ಭೀಮಾ ಹೊಳೆ ದಾಟುತ್ತೆ. ಮ್ಯಾಪ್‌ನಲ್ಲಿ ಇದನ್ನ ನೋಡಿದ ಮೇಲೆ ಆ ವಾದಕ್ಕೆ ನಾವು ಎದುರು ಹೇಳಲಿಲ್ಲ. ಅಂದಹಾಗೆ 2016ರ ಬರದಲ್ಲಿ ಮೀರಜ್‌ನಿಂದ ಲಾತೂರಿಗೆ ಕುಡಿಯೋ ನೀರು ಹೋಗಿದ್ದು ರೈಲಿನಲ್ಲೇ.

ನೀರು ಸಿಕ್ಕರೆ ಸಾಲದು, ಒಳ್ಳೇ ನೀರು ಬೇಕು. ಬೋರ್‌ವೆಲ್ ನೀರು ಕಾಸಿದ ಪಾತ್ರೆ ತಳದಲ್ಲಿ ಬಿಳಿ ಗಟ್ಟಿ ಹಿಡಿಯುತ್ತಲ್ಲ, ಅದೇ ಸುಣ್ಣ ಬಾಯ್ಲರ್ ಟ್ಯೂಬಿಗೂ ಹಿಡಿಯುತ್ತೆ. ಸುಣ್ಣದೊಳಗೆ ಶಾಖ ಸರಿಯಾಗಿ ದಾಟೋದಿಲ್ಲ. ಕಲ್ಲಿದ್ದಲು ಹೆಚ್ಚು ಸುಡುತ್ತೆ, ಲೋಹ ವಿಪರೀತ ಕಾಯುತ್ತೆ. ಹಾಗಾಗಿ ಕೆಲವು ದಿನಕ್ಕೊಮ್ಮೆ ಶೆಡ್‌ನಲ್ಲಿ ಇಂಜಿನ್ ಆರಿಸಿ ಬಾಯ್ಲರ್ ತೊಳೀಬೇಕಾಗಿತ್ತು.

ಟೆಂಡರ್‌ನಿಂದ ಬಾಯ್ಲರ್‌ಗೆ ನೀರು ನೂಕೋದು ಇಂಜೆಕ್ಟರ್. 1858ರಲ್ಲಿ ಫ್ರಾನ್ಸಿನ ಆನ್ರಿ ಜಿಫಾರ್ ಪೇಟೆಂಟ್ ಪಡೆದದ್ದು. ಬಾಯ್ಲರ್‌ನ ಉಗಿಯಿಂದಲೇ, ಅದೇ ಪ್ರೆಶರ್ ಇರೋ ಬಾಯ್ಲರ್‌ಗೆ ನೀರು ನುಗ್ಗಿಸೋದು! ಮೊದಲ ಸಲ ಕೇಳಿದಾಗ ಮೋಸ ಅನ್ನಿಸುತ್ತೆ. ಉಗಿ ರಭಸದಿಂದ ಬಂದು ತಣ್ಣೀರಲ್ಲಿ ಕರಗಿ, ತನ್ನ ವೇಗ ನೀರಿಗೆ ಕೊಡುತ್ತೆ. ಮುಂದೆ ಅಗಲವಾಗೋ ನಳಿಗೆಯಲ್ಲಿ ಆ ವೇಗ ಪ್ರೆಶರ್ ಆಗುತ್ತೆ. ನೀರು ತಣ್ಣಗಿರಬೇಕು, ಅಷ್ಟೇ. "ಬ್ಯಾಸಗ್ಯಾಗ ಟೆಂಡರ್ ನೀರು ಕಾದ್ರ ಇಂಜೆಕ್ಟರ್ ಹಟ ಹಿಡೀತಿತ್ತು," ಅಂದ್ರು ಅಜ್ಜ. ನೀರು ತೀರಾ ಕಡಿಮೆಯಾದ್ರೆ ಬೆಂಕಿಪೆಟ್ಟಿಗೆಯ ನೆತ್ತಿಯಲ್ಲಿರೋ ಸೀಸದ ಪ್ಲಗ್ ಕರಗಿ, ಉಗಿ ನೇರ ಬೆಂಕಿ ಮೇಲೆ ನುಗ್ಗುತ್ತೆ. ಅದು ಕೊನೇ ಎಚ್ಚರಿಕೆ. "ಕಲ್ಲಿದ್ದಲಿ ತೀರಿದ್ರ ಗಾಡಿ ನಿಂದರ್ತದ. ನೀರು ತೀರಿದ್ರ ಬಾಯ್ಲರೂ ಹೋಗ್ತದ, ನಾವೂ ಹೋಗ್ತೀವಿ. ಕಣ್ಣು ಯಾವಾಗ್ಲೂ ಗೇಜಿನ ಗಾಜಿನ ಮ್ಯಾಲೆ."

ಡೀಸೆಲ್ ಬಂತು, ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಬಂತು, ನೀರಿಗಾಗಿ ನಿಲ್ಲೋ ಕೆಲಸ ಮುಗೀತು. ಆ ಕಾಲದ್ದು ಏನು ನೆನಪಾಗುತ್ತೆ ಅಂತ ಕೇಳಿದ್ವಿ. ಚಳಿಗಾಲದ ಮುಂಜಾನೆ ಸಣ್ಣ ಸ್ಟೇಷನ್‌ನಲ್ಲಿ ಗಾಡಿ ನಿಂತ್ರೆ ಹುಡುಗರು ಕೊಡ ಹಿಡಿದು ಇಂಜಿನ್ ಹತ್ರ ಓಡಿ ಬರ್ತಿದ್ರಂತೆ, ಬಿಸಿನೀರಿಗೆ. "ಕೊಡ್ತಿದ್ರಾ?" ಅಂದ್ವಿ.

"ಗೇಜ್ ನೋಡಿ ಕೊಡ್ತಿದ್ವಿ," ಅಂದ್ರು ಅಜ್ಜ.