ಒಂದು ಗಂಟೆಯ ಫಿರಂಗಿ

ಸ್ಕಾಟ್ಲೆಂಡಿನ ಎಡಿನ್‌ಬರೊ ಊರಿನ ನಡುವೆ, ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ ಹಳೆಯ ಕೋಟೆಯಿದೆ. ನಾನು ಹೋದಾಗ ಅಲ್ಲಿ ಜನ ಗುಂಪುಗೂಡಿ ಗಡಿಯಾರ ನೋಡುತ್ತಿದ್ದರು. ಮಧ್ಯಾಹ್ನ ಸರಿಯಾಗಿ ಒಂದಕ್ಕೆ ಸೈನಿಕರೊಬ್ಬರು ಫಿರಂಗಿ ಹಾರಿಸಿದರು. ಢಂ! ನಾನು ಬೆಚ್ಚಿಬಿದ್ದೆ.

ಯುದ್ಧವಿಲ್ಲ, ಹಬ್ಬವಿಲ್ಲ. ಮತ್ತೇಕೆ ಈ ಸದ್ದು? ಹಡಗುಗಳಿಗಾಗಿ! ನಡುಗಡಲಿನಲ್ಲಿ ತಾವೆಲ್ಲಿದ್ದೇವೆಂದು ತಿಳಿಯಲು ಹಿಂದೆ ನಾವಿಕರಿಗೆ ಸೂರ್ಯ, ನಕ್ಷತ್ರಗಳ ಜೊತೆ ಸರಿಯಾದ ಗಡಿಯಾರವೂ ಬೇಕಿತ್ತು. ಸಮಭಾಜಕದ ಬಳಿ ಅದು 4 ಸೆಕೆಂಡು ತಪ್ಪಿದರೆ ಲೆಕ್ಕ ಸುಮಾರು 2 ಕಿ.ಮೀ. ತಪ್ಪುತ್ತದೆ. ಕತ್ತಲಲ್ಲಿ ಹಡಗು ಬಂಡೆಗೆ ಬಡಿಯಲು ಅಷ್ಟು ಸಾಕು! ಹಾಗಾಗಿ ಬಂದರು ಬಿಡುವ ಮೊದಲೇ ಗಡಿಯಾರ ಸರಿಮಾಡಿಕೊಳ್ಳಬೇಕಿತ್ತು.

ಅದಕ್ಕೆಂದೇ ಪಕ್ಕದ ಕ್ಯಾಲ್ಟನ್ ಗುಡ್ಡದ ನೆಲ್ಸನ್ ಸ್ಮಾರಕದ ತುದಿಯಲ್ಲಿ ದೊಡ್ಡ ಚೆಂಡೊಂದನ್ನು ಒಂದು ಗಂಟೆಗೆ ಕೆಳಗಿಳಿಸುತ್ತಿದ್ದರು. ಲೀತ್ ಬಂದರಿನವರು ಅದನ್ನು ನೋಡಿ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. ಆದರೆ ಮಂಜು ಕವಿದರೆ ಚೆಂಡು ಕಾಣುವುದೆಲ್ಲಿ? ಆದ್ದರಿಂದ 1861ರಲ್ಲಿ ಫಿರಂಗಿ ಬಂತು.

ಇದರಲ್ಲೂ ಒಂದು ತೊಡಕು. ಸದ್ದಿನ ಓಟ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಮೂರೂವರೆ ಕಿ.ಮೀ. ದೂರದ ಲೀತ್ ತಲುಪಲು ಅದಕ್ಕೆ ಹತ್ತು ಸೆಕೆಂಡು ಬೇಕು. ಯಾವ ಜಾಗಕ್ಕೆ ಸದ್ದು ಎಷ್ಟು ತಡವಾಗಿ ಬರುತ್ತದೆಂದು ತೋರಿಸುವ ನಕ್ಷೆಯನ್ನೇ ಆಗ ಅಚ್ಚು ಹಾಕಿದ್ದರು!

ಹನ್ನೆರಡಕ್ಕೇಕೆ ಹಾರಿಸುವುದಿಲ್ಲ? ಹನ್ನೆರಡು ಸಲ ಮದ್ದು ಸುಡಬೇಕಲ್ಲ, ಒಂದಕ್ಕಾದರೆ ಒಂದೇ ಸಾಕು ಎಂಬುದು ಊರವರ ತಮಾಷೆ. ಈಗ ಹಡಗುಗಳಿಗೆ ಉಪಗ್ರಹವಿದೆ. ಆದರೂ ಭಾನುವಾರ, ಕ್ರಿಸ್‌ಮಸ್, ಗುಡ್ ಫ್ರೈಡೇ ಬಿಟ್ಟು ಉಳಿದ ದಿನ ಫಿರಂಗಿ ಮೊಳಗುತ್ತದೆ.

ಮುಂದಿನ ಮಳೆಗಾಲದಲ್ಲಿ ನೀವೂ ಲೆಕ್ಕ ಹಾಕಿ, ಮಕ್ಕಳೇ. ಮಿಂಚು ಕಂಡೊಡನೆ ಎಣಿಸಲು ಶುರುಮಾಡಿ. ಗುಡುಗು ಮೂರು ಸೆಕೆಂಡಿಗೆ ಕೇಳಿದರೆ ಮಿಂಚು ಹೊಡೆದದ್ದು ಸುಮಾರು ಒಂದು ಕಿ.ಮೀ. ದೂರದಲ್ಲಿ. ಎಣಿಸುವುದು ಮಾತ್ರ ಮನೆಯೊಳಗೇ ಇರಲಿ!