ಹೊಸ ಕಂಪ್ಯೂಟರಿಗೆ ಹಳೆ ವಿಂಡೋಸ್ ಹಾಕಿಸುವ ಮುನ್ನ

ಮಡಿಕೇರಿ

ಸೋಮವಾರಪೇಟೆಯ ಪ್ರೀತಿಯ ಮಿತ್ರರೇ,

ನಿಮ್ಮ ಪತ್ರ ತಲುಪಿತು. ಸಿಡಿಲಿಗೆ ಹಳೆ ಕಂಪ್ಯೂಟರಿನ ಎಸ್‌ಎಂಪಿಎಸ್ ಸುಟ್ಟುಹೋಯಿತು, ಹೊಸ ಡೆಸ್ಕ್‌ಟಾಪ್ ತಂದೆ, ಅದು ಪುಟ ವಿನ್ಯಾಸದ ಪೇಜ್‌ಮೇಕರ್ ಹಾಕಿಸಿಕೊಳ್ಳಲು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ‘ಇದರಲ್ಲಿರುವ ವಿಂಡೋಸ್ 11 ಕಿತ್ತು ವಿಂಡೋಸ್ 7 ಹಾಕಿಸಿಬಿಡಲೇ?’ ಎಂಬುದು ನಿಮ್ಮ ಪ್ರಶ್ನೆ. ಮದುವೆ ಕಾಗದ, ಸ್ಮರಣ ಸಂಚಿಕೆ, ಕರಪತ್ರ ಮಾಡಿಕೊಂಡು ಬದುಕುವ ಡಿಟಿಪಿಯವರು ಕರ್ನಾಟಕದ ಯಾವ ಊರಲ್ಲಿ ಸಿಕ್ಕರೂ ಇದನ್ನೇ ಕೇಳುತ್ತಾರೆ.

ಹಾಗೆ ಕೇಳುವುದರಲ್ಲಿ ಹಿಂದುಳಿದವರ ಲಕ್ಷಣವೇನೂ ಇಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಜಗತ್ತೇ ಅದರ ಹಿಂದಿನ ಎಕ್ಸ್‌ಪಿ ವಾಪಸ್ ಕೊಡಿ ಎಂದು ಕೂತಿತ್ತು. ಡೆಲ್‌ನಂಥ ಕಂಪನಿ ಅದೇ ವರ್ಷ ಹೊಸ ಕಂಪ್ಯೂಟರುಗಳಲ್ಲಿ ಮತ್ತೆ ಎಕ್ಸ್‌ಪಿ ಹಾಕಿ ಮಾರಬೇಕಾಯಿತು. ಕೆಳಗಿಳಿಯುವ ಹಕ್ಕು ಲೈಸೆನ್ಸಿನಲ್ಲೇ ಇದೆ, ಆದರೆ ಪ್ರೊ ಆವೃತ್ತಿ ಕೊಂಡವರಿಗೆ ಮಾತ್ರ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಹೋಮ್ ಆವೃತ್ತಿಗೆ ಆ ಹಕ್ಕಿಲ್ಲ. ಸೆಟ್ಟಿಂಗ್ಸಿನಲ್ಲಿ ‘ಗೋ ಬ್ಯಾಕ್’ ಇದೆಯಲ್ಲ ಎಂದು ಯಾರೋ ನಿಮಗೆ ಹೇಳಿದರಂತೆ. ಅದು ವಿಂಡೋಸ್ 10ರಿಂದ 11ಕ್ಕೆ ಏರಿದವರಿಗೆ, ಅದೂ ಹತ್ತು ದಿನದ ಮಟ್ಟಿಗೆ. ಹುಟ್ಟಿನಿಂದಲೇ 11 ಇರುವ ನಿಮ್ಮ ಯಂತ್ರಕ್ಕೆ ಹಿಂದೆ ಹೋಗಲು ಹಿಂದೆ ಅಂತ ಒಂದು ಇಲ್ಲವೇ ಇಲ್ಲ.

ಇನ್ನು ವಿಂಡೋಸ್ 7. ಅದು ಬಂದದ್ದು 2009ರಲ್ಲಿ. ಅದರ ಡಿ.ವಿ.ಡಿ.ಯೊಳಗೆ ಯುಎಸ್‌ಬಿ 3ರ ಡ್ರೈವರ್ ಇಲ್ಲ. ಹೊಸ ಬೋರ್ಡಿನಲ್ಲಿ ಇನ್‌ಸ್ಟಾಲ್ ಶುರುಮಾಡಿದರೆ ‘ಯಾವ ಭಾಷೆ?’ ಎಂಬ ಮೊದಲ ಪರದೆಯವರೆಗೆ ಬಂದು, ಅಲ್ಲಿ ಮೌಸ್, ಕೀಲಿಮಣೆ ಎರಡೂ ಸತ್ತು ಬೀಳುತ್ತವೆ. ಮುಂದೆ ಹೋಗಿ ಎನ್ನುವ ಗುಂಡಿ ಕಣ್ಣೆದುರೇ ಇರುತ್ತದೆ, ಒತ್ತಲು ದಾರಿಯಿಲ್ಲ. ಡ್ರೈವರ್ ತುರುಕಿ ಹೇಗೋ ದಾಟಿದಿರಿ ಎನ್ನೋಣ. ಎನ್‌ವಿಎಂಇ ಡಿಸ್ಕು ಕಾಣುವುದಿಲ್ಲ. ಅದನ್ನೂ ದಾಟಿದರೆ ಗ್ರಾಫಿಕ್ಸ್ ಡ್ರೈವರ್ ಸಿಗುವುದಿಲ್ಲ. ಇಷ್ಟೆಲ್ಲ ಆದಮೇಲೂ ನಿಮ್ಮ ಕೆಲಸ ಆಗುತ್ತದೆನ್ನುವ ಖಾತ್ರಿಯಿಲ್ಲ. ಪೇಜ್‌ಮೇಕರ್ ಕಾಲದ ಅನೇಕ ಸಾಫ್ಟ್‌ವೇರ್‌ಗಳ ಇನ್‌ಸ್ಟಾಲರ್ 16 ಬಿಟ್‌ನದು. ಅದನ್ನು 64 ಬಿಟ್ಟಿನ ಯಾವ ವಿಂಡೋಸೂ ನಡೆಸುವುದಿಲ್ಲ, 7 ಆದರೂ ಅಷ್ಟೇ. 32 ಬಿಟ್ಟಿನದೇ ಹಾಕಿದರೆ ನೀವು ದುಡ್ಡು ಕೊಟ್ಟ 16 ಜಿಬಿ ರ‍್ಯಾಮಿನಲ್ಲಿ 4 ಜಿಬಿಯೂ ಪೂರ್ತಿ ದಕ್ಕುವುದಿಲ್ಲ!

ಅಪಾಯದ ಮಾತು ಬೇರೆ. ವಿಂಡೋಸ್ 7ಕ್ಕೆ ಸುರಕ್ಷತಾ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. 2023ರಿಂದ ಹೊಸ ಕ್ರೋಮ್ ಕೂಡ ಅದರ ಮೇಲೆ ಕೂರುವುದಿಲ್ಲ. ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ಎಲ್ಲ ಮಾಡುವವರು ನೀವು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನನ್ನ ಲೆಕ್ಕದಲ್ಲಿ ನಿಮ್ಮನ್ನು ಕಟ್ಟಿಹಾಕಿರುವುದು ವಿಂಡೋಸ್ ಅಲ್ಲವೇ ಅಲ್ಲ, ಹಳೆ ಫಾಂಟು. ಬೇಕಾದರೆ ಒಂದು ಹಳೆ ಕಡತದ ಪಠ್ಯವನ್ನು ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ‘ಮಡಿಕೇರಿ’ ಎಂದಿದ್ದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಪರದೇಶಿ ಅಕ್ಷರಗಳ ಸಾಲು ಕಾಣುತ್ತದೆ: ಡಿ ಇದ್ದಲ್ಲಿ ಇಂಗ್ಲಿಷಿನ ಆರ್, ರಿ ಇದ್ದಲ್ಲಿ ಜೆ. ‘ಕನ್ನಡ’ ಎಂದು ಹೊಡೆದಿದ್ದರೆ ನ ಇದ್ದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ. ನುಡಿ, ಬರಹಗಳ ಹಳೆ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆಗ ಬೇರೆ ದಾರಿಯಿರಲಿಲ್ಲ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಅಚ್ಚುಕೂಟಗಳು ಕಂಪ್ಯೂಟರಿನ ಮುಖವನ್ನೇ ನೋಡುತ್ತಿರಲಿಲ್ಲ. ತಮಾಷೆಯೆಂದರೆ, 2001ರ ಎಕ್ಸ್‌ಪಿಯಲ್ಲೇ ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡಿನ ತುಂಗಾ ಎಂಬ ಫಾಂಟ್ ಇತ್ತು. ಯೂನಿಕೋಡ್ ಅರಿಯದೆ ಉಳಿದದ್ದು ಪೇಜ್‌ಮೇಕರ್. ಅಡೋಬಿಯವರು ಅದನ್ನು 2004ಕ್ಕೆ ಬಿಟ್ಟರು, ನಾವು ಬಿಡಲಿಲ್ಲ.

ಹಾಗಾಗಿ ಹೊಸದನ್ನು ಇಳಿಸಬೇಡಿ, ಹಳೆಯದನ್ನು ಎಬ್ಬಿಸಿ. ಹಾರ್ಡ್ ಡಿಸ್ಕ್ ಚೆನ್ನಾಗಿದೆ ಎಂದು ನೀವೇ ಬರೆದಿದ್ದೀರಿ. ಸುಟ್ಟಿರುವುದು ಎಸ್‌ಎಂಪಿಎಸ್ ಒಂದೇ ಆಗಿದ್ದರೆ ಅದು ಸಣ್ಣ ಖರ್ಚಿನ ಮಾತು. ನೆಟ್ ತಂತಿ ಮಾತ್ರ ಕಿತ್ತಿಡಿ. ಹಳೆ ಗಿರಾಕಿ ಬಂದು, ಹೋದ ಸಲದ್ದನ್ನೇ ದಿನಾಂಕ ಬದಲಿಸಿ ಕೊಡಿ ಎಂದರೆ ಅದರಲ್ಲೇ ಮಾಡಿ ಪಿಡಿಎಫ್ ತೆಗೆದುಕೊಡಿ. ಬೋರ್ಡೇ ಹೋಗಿದ್ದರೆ ವರ್ಚುವಲ್‌ಬಾಕ್ಸ್ ಇದೆ, ಉಚಿತ. ವಿಂಡೋಸ್ 11ರ ಒಳಗೇ ಒಂದು ಚೌಕಟ್ಟಿನಲ್ಲಿ ವಿಂಡೋಸ್ 7 ಓಡಿಸಬಹುದು. ಡಬ್ಬದ ಬದಿಗೆ ಅಂಟಿಸಿದ ಹಳೆ ಲೈಸೆನ್ಸ್ ಆ ಡಬ್ಬಕ್ಕೇ ಸಂಬಂಧಪಟ್ಟದ್ದು, ಚೌಕಟ್ಟಿನೊಳಗಿನ ವಿಂಡೋಸ್ 7ಕ್ಕೆ ಬೇರೆ ಬೇಕು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಕೇಳುವ ಸಾಫ್ಟ್‌ವೇರ್ ಇದ್ದರೆ ಹೊಸ ಯಂತ್ರದಲ್ಲಿ ಆ ಪೋರ್ಟೇ ಇರದು.

ಹೊಸ ಕೆಲಸಗಳನ್ನು ಯೂನಿಕೋಡಿನಲ್ಲೇ ಶುರುಮಾಡಿ. ನೀವು ಈಗ ಬಳಸುವ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಅಲ್ಲೂ ಅದೇ, ನಿಮ್ಮ ಬೆರಳುಗಳು ಏನನ್ನೂ ಮರೆಯಬೇಕಾಗಿಲ್ಲ. ಇನ್‌ಡಿಸೈನ್ ಬಳಸುವುದಾದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ದುಬಾರಿ ಎನಿಸಿದರೆ ಸ್ಕ್ರೈಬಸ್ ನೋಡಿ.

ನಿಮ್ಮಲ್ಲಿರುವ ಹಳೆ ಕಡತಗಳಲ್ಲಿ ಕೊಡವ ಒಕ್ಕಗಳ, ಅಂದರೆ ಮನೆತನಗಳ, ವಂಶಾವಳಿ ಪುಸ್ತಕಗಳನ್ನು ಮೊದಲು ಯೂನಿಕೋಡಿಗೆ ಬದಲಿಸಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದ ತಂಡಗಳ ಪಟ್ಟಿಯೂ ನಿಮ್ಮ ಬಳಿ ಇದೆಯಲ್ಲ, ಆಮೇಲೆ ಅದು. ನುಡಿ, ಬರಹಗಳಲ್ಲೇ ಪರಿವರ್ತಕ ಇದೆ. ಮಧ್ಯೆ ಬರುವ ಇಂಗ್ಲಿಷ್ ಪದಗಳ ಮೇಲೆ ಕಣ್ಣಿಡಿ. ಪರಿವರ್ತಕಕ್ಕೆ ಭೇದ ತಿಳಿಯದು, ಇಂಗ್ಲಿಷಿನ ಸಿ ಕಂಡರೂ ಅ ಮಾಡಿಬಿಡುತ್ತದೆ. ಮನೆಹೆಸರುಗಳನ್ನು ಅಚ್ಚಾದ ಪ್ರತಿಯ ಪಕ್ಕ ಇಟ್ಟು ಹಿರಿಯರೊಬ್ಬರಿಂದ ಓದಿಸಿ. ಒಂದು ದೀರ್ಘ ತಪ್ಪಿದರೂ ಆ ಒಕ್ಕದವರು ನಿಮ್ಮನ್ನು ಸುಮ್ಮನೆ ಬಿಡುವವರಲ್ಲ.

ಹಳೆ ಸಿ.ಡಿ.ಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿರುತ್ತದೆ, ಓದುವಾಗಲೇ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಅಂಗಡಿಯವರು ಹೊಸದನ್ನು ಫಾರ್ಮ್ಯಾಟ್ ಹೊಡೆಯುತ್ತೇನೆ ಎಂದರೆ ಬೇಡವೆನ್ನಿ. ವಿಂಡೋಸ್ 11 ಮತ್ತೆ ಹಾಕುವಾಗ ನೆಟ್ ಕೇಳುತ್ತದೆ, ನಿಮ್ಮಲ್ಲೋ ಮರ ಬಿದ್ದರೆ ವಾರಗಟ್ಟಲೆ ಲೈನೇ ಇರುವುದಿಲ್ಲ. ಮುಂದಿನ ಸಲ ಮಡಿಕೇರಿಗೆ ಬರುವಾಗ ಆ ಹಳೆ ಸಿಪಿಯು ಡಿಕ್ಕಿಯಲ್ಲಿ ಹಾಕಿಕೊಂಡು ಬನ್ನಿ, ಬಿಚ್ಚಿ ನೋಡೋಣ. ಊಟ ನಮ್ಮಲ್ಲೇ. ಮನೆಯವರಿಗೆಲ್ಲ ಕೇಳಿದೆನೆಂದು ಹೇಳಿ.

ಇಂತಿ ನಿಮ್ಮ ವಿಶ್ವಾಸಿ