ಹಳದಿ ಎಲೆಯ ಜಾಡು ಹಿಡಿದು

ಪುಣೆಯ ನಮ್ಮ ಬಾಲ್ಕನಿಯಲ್ಲಿ ಒಂದು ಕೇಪಳ ಗಿಡ ಇದೆ. ನಮ್ಮೂರಿನ ಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದು ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವ ಅದೇ ಕೇಪಳ. ನನ್ನ ಮದುವೆಯಾದ ವರ್ಷ ಅಮ್ಮ ಒಂದು ಪುಟ್ಟ ಗಿಡವನ್ನು ಬೇರಿನ ಮಣ್ಣಿನ ಸಮೇತ ಅಡಿಕೆ ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದರು. ಇಲ್ಲಿಗೆ ತಂದು ಕುಂಡದಲ್ಲಿಟ್ಟು, ನರ್ಸರಿಯಿಂದ ಕಪ್ಪು ಮಣ್ಣು ತಂದು ತುಂಬಿದೆ. ಎರಡನೇ ವರ್ಷಕ್ಕೆ ಅದರ ಚಿಗುರೆಲ್ಲ ಹಳದಿ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಗೊಬ್ಬರ ಹಾಕಿದೆ. ಇನ್ನಷ್ಟು ಹಾಕಿದೆ. ಯಾರೋ ಕಬ್ಬಿಣದ ಕೊರತೆ ಎಂದರು, ಅನ್ನಭೇದಿ ತಂದು ಬುಡಕ್ಕೆ ಸುರಿದೆ. ಗಿಡ ಜಪ್ಪಯ್ಯ ಎನ್ನಲಿಲ್ಲ.

ಆಮೇಲೆ ಕೂತು ಓದಿದೆ. ಹಳದಿಯಾದ ಗಿಡವನ್ನು ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹಳದಿಯಾದದ್ದು ಹಳೆಯ ಎಲೆಯೋ, ಹೊಸ ಎಲೆಯೋ? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಂದಾಗ ಗಿಡ ಇವನ್ನು ಹಳೆಯ ಎಲೆಗಳಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಸುಣ್ಣ, ಬೋರಾನ್ ಒಮ್ಮೆ ಎಲೆ ಸೇರಿದರೆ ಅಲ್ಲೇ ಉಳಿಯುವಂಥವು. ಅವು ಸಿಗದಿದ್ದಾಗ ಪೆಟ್ಟು ಬೀಳುವುದು ಚಿಗುರಿಗೆ. ನನ್ನ ಕೇಪಳದಲ್ಲಿ ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು. ಕಬ್ಬಿಣದ ಕೊರತೆಯ ಲಕ್ಷಣವೇ ಅದು. ಖಾತ್ರಿಗೆ ಅನ್ನಭೇದಿಯನ್ನು ತೆಳುವಾಗಿ ನೀರಲ್ಲಿ ಕರಗಿಸಿ, ಮಗಳ ಪೇಂಟ್ ಬ್ರಷ್ಷಿನಲ್ಲಿ ಒಂದು ಎಲೆಯ ಅರ್ಧಕ್ಕೆ ಮಾತ್ರ ಹಚ್ಚಿದೆ. ಹತ್ತು ದಿನದಲ್ಲಿ ಆ ಅರ್ಧ ಹಸಿರಾಯಿತು, ಇನ್ನರ್ಧ ಹಳದಿಯಾಗಿಯೇ ಉಳಿಯಿತು.

ಹಾಗಿದ್ದರೆ ಬುಡಕ್ಕೆ ಸುರಿದ ಕಬ್ಬಿಣ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ, ಕುಂಡದಲ್ಲೇ ಇತ್ತು. ಮಣ್ಣಿನ ಪಿಎಚ್ ಪಟ್ಟಿ ತಂದು ನೋಡಿದರೆ 8. ಪಿಎಚ್ ಎಂದರೆ ಹುಳಿ–ಕ್ಷಾರದ ಅಳತೆ. 1909ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ ಇದನ್ನು ರೂಪಿಸಿದ. 7 ತಟಸ್ಥ, ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಒಂದೊಂದು ಅಂಕಿಗೆ ಹತ್ತು ಪಟ್ಟು ವ್ಯತ್ಯಾಸ. ಕ್ಷಾರ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣ ಬೇರು ಹೀರಲಾಗದ ರೂಪಕ್ಕೆ ತಿರುಗುತ್ತದೆ. ಸುಣ್ಣದಂಶ ಇರುವ ಕಪ್ಪು ಮಣ್ಣು, ನಲ್ಲಿಯ ಬಾಯಿಗೆ ಬಿಳಿ ಕಟ್ಟುವ ಟ್ಯಾಂಕರ್ ನೀರು, ಎರಡೂ ಸೇರಿ ಊಟವಿದ್ದ ಕೋಣೆಗೆ ಬೀಗ ಹಾಕಿದ್ದವು.

ಇಷ್ಟು ಕಲಿತ ಮೇಲೆ ನನಗೆ ಸ್ವಲ್ಪ ಜಂಬ ಬಂತು. ಆ ಜಂಬದಲ್ಲಿ ಒಂದು ತಪ್ಪು ಮಾಡಿದೆ.

ನಮ್ಮ ಮನೆ ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಆರುನೂರು ಅಡಿಕೆ ಮರ. ಆ ಕಡೆಯವರಿಗೆ ಅಡಿಕೆಯ ಹಳದಿ ಎಲೆ ರೋಗವನ್ನು ಪರಿಚಯಿಸಬೇಕಾಗಿಲ್ಲ. ಸಂಪಾಜೆ, ಅರಂತೋಡು ಕಡೆ ತೋಟಕ್ಕೆ ತೋಟವೇ ಹೋದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ, ಜಿಗಿಹುಳದಿಂದ ಹರಡುವ ಈ ರೋಗಕ್ಕೆ ಇಂದಿಗೂ ಮದ್ದಿಲ್ಲ. ಎರಡು ವರ್ಷದ ಹಿಂದೆ ಅಪ್ಪ ವಾಟ್ಸಾಪಿನಲ್ಲಿ ನಾಲ್ಕು ಫೋಟೋ ಕಳಿಸಿ, "ಸೋಗೆ ಹಳದಿ ಆಗ್ತಾ ಉಂಟು, ಎಂತ ಅಂತ ನೋಡು" ಎಂದರು. ನಾನು ಮೀಟಿಂಗಿನ ನಡುವೆ ಫೋಟೋ ಹಿಗ್ಗಿಸಿ ನೋಡಿದೆ. "ಅಪ್ಪ, ಇದು ಅದೇ ರೋಗ" ಎಂದೆ. ಅವರು ಮರುಮಾತಾಡಲಿಲ್ಲ.

ಆ ವರ್ಷದಿಂದ ಅಪ್ಪ ತೋಟಕ್ಕೆ ಗೊಬ್ಬರ ಹಾಕುವುದನ್ನು ಬಿಟ್ಟಿದ್ದರು. ಇದು ನನಗೆ ಗೊತ್ತಾದದ್ದು ಕಳೆದ ದೀಪಾವಳಿಯ ಹೊತ್ತಿಗೆ, ಅದೂ ಅಮ್ಮನ ಬಾಯಿಂದ. "ಹೇಗೂ ಹೋಗುವ ತೋಟ, ಅದಕ್ಕೆ ಯಾಕೆ ಸುರಿಯುವುದು ಅಂತಾರೆ. ಮಾರುವ ಮಾತೂ ಆಡ್ತಾರೆ" ಎಂದರು. ನವೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಕಾರು ಹತ್ತಿದೆ.

ಪುಣೆಯಿಂದ ಸುಳ್ಯಕ್ಕೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು. ಹದಿನಾಲ್ಕು ವರ್ಷದಿಂದ ಓಡಾಡುವ ದಾರಿ, ಆದರೆ ನೋಡುತ್ತಿದ್ದದ್ದು ಟೋಲ್ ಗೇಟು ಮತ್ತು ಹೋಟೆಲು ಮಾತ್ರ. ಈ ಸಲ ಮಣ್ಣು ನೋಡಿದೆ. ಖಂಬಾಟ್ಕಿ ಘಾಟು ಇಳಿದು ಸಾತಾರಾ, ಕರಾಡ್ ದಾಟುವವರೆಗೂ ಲಾವಾ ಹೆಪ್ಪುಗಟ್ಟಿ ಆದ ಕಲ್ಲಿನ ನಾಡು. ಆ ಕಲ್ಲು ಸವೆದು ಆದದ್ದೇ ಕಪ್ಪು ಎರೆಮಣ್ಣು. ಕೊಲ್ಹಾಪುರಕ್ಕೆ ಮುಂಚೆ ಚಹಾಕ್ಕೆ ನಿಂತಾಗ ಪಕ್ಕದ ಕಬ್ಬಿನ ಗದ್ದೆಗೆ ಇಳಿದೆ. ಒಂದು ಮೂಲೆಯ ಎಳೆಗರಿಗಳಲ್ಲಿ ಉದ್ದಕ್ಕೆ ಹಳದಿ ಪಟ್ಟೆ, ನಡುವೆ ಹಸಿರು ಗೆರೆ. ಕೆಳಗೆ ಮಣ್ಣಿನಲ್ಲಿ ಸಣ್ಣ ಬಿಳಿ ಸುಣ್ಣದ ಹರಳು. ನನ್ನ ಬಾಲ್ಕನಿಯ ಕೇಪಳದ್ದೇ ಕಾಯಿಲೆ, ಎಕರೆಗಟ್ಟಲೆ ಅಳತೆಯಲ್ಲಿ.

ನಿಪ್ಪಾಣಿ ಬಂತು, ಕನ್ನಡ ಬೋರ್ಡು ಬಂತು. ಬೆಳಗಾವಿಯ ಹತ್ತಿರ ರಸ್ತೆ ಬದಿಯ ಕೊರೆತದಲ್ಲಿ ಕಪ್ಪಿನ ಜೊತೆ ಕೆಂಪು ಕಾಣತೊಡಗಿತು. ಹುಬ್ಬಳ್ಳಿ ಬಿಟ್ಟು ಕಲಘಟಗಿ ದಾಟಿ ಯಲ್ಲಾಪುರದ ಕಾಡು ಹೊಕ್ಕರೆ ಕಪ್ಪು ಮಣ್ಣು ಮುಗಿದಂತೆ. ಅರಬೈಲು ಘಟ್ಟ ಇಳಿದು ಅಂಕೋಲಾ ಸೇರಿದ ಮೇಲೆ ಕರಾವಳಿಯುದ್ದಕ್ಕೂ ಮುರಕಲ್ಲಿನ ಕೆಂಪು. ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಅದು ಬರುತ್ತದೆ. ಅದರ ಕೆಂಪು ಕಬ್ಬಿಣದ್ದೇ. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆಯಾದರೆ ನಮ್ಮ ಜಿಲ್ಲೆಯಲ್ಲಿ 3500ಕ್ಕೂ ಹೆಚ್ಚು. ಇಷ್ಟು ಮಳೆ ಸಾವಿರಾರು ವರ್ಷ ಹೊಯ್ದರೆ ಮಣ್ಣಿನ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆದು ಸಮುದ್ರ ಸೇರುತ್ತವೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಹುಳಿ. ಅಲ್ಲಿ ಕ್ಷಾರದ ಬೀಗ, ಇಲ್ಲಿ ಹುಳಿಯ ಬೀಗ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ.

ಮಂಗಳೂರು, ಬಿ.ಸಿ. ರೋಡ್, ಪುತ್ತೂರು ಕಳೆದು ಮನೆ ಮುಟ್ಟುವಾಗ ರಾತ್ರಿ ಹತ್ತು.

ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕಿಳಿದೆ. ಹಳೆಯ ಎಲೆ, ಹೊಸ ಎಲೆಯ ನನ್ನ ನಿಯಮ ಅಲ್ಲಿ ಕೈಕೊಟ್ಟಿತು. ಮೆಗ್ನೀಷಿಯಂ, ಪೊಟ್ಯಾಷ್ ಕೊರತೆಯಲ್ಲೂ ಹಳದಿ ಶುರುವಾಗುವುದು ಕೆಳಗಿನ ಸೋಗೆಯಲ್ಲಿ, ಹಳದಿ ಎಲೆ ರೋಗದಲ್ಲೂ ಕೆಳಗಿನ ಸೋಗೆಯ ತುದಿಯಿಂದಲೇ. ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಾಣದ್ದನ್ನು ನಾನು ಎರಡು ವರ್ಷದ ಹಿಂದೆ ಕಂಡೆ ಎಂದಿದ್ದೆ.

ತೋಟ ನೋಡಲು ಬಂದ ಕೃಷಿ ವಿಜ್ಞಾನಿ ಎಲೆಯನ್ನು ಕೊನೆಗೆ ನೋಡಿದರು. ಮೊದಲು ಮರದ ಮಂಡೆ ನೋಡಿದರು, ಸೋಗೆಗಳು ಗಿಡ್ಡವಾಗಿ ಮಂಡೆ ಸಣ್ಣಗಾಗಿದೆಯೇ ಎಂದು. ಬಿದ್ದ ಅಡಿಕೆಯನ್ನು ಕತ್ತಿಯಲ್ಲಿ ಸೀಳಿ ತಿರುಳು ನೋಡಿದರು. ಬುಡ ಬಿಡಿಸಿ ಬೇರಿನ ತುದಿ ನೋಡಿದರು. ತೋಡಿನ ಬದಿಯ ಕೆಳಗಿನ ಪಾಲಿನಲ್ಲಿ ಹನ್ನೊಂದು ಮರಗಳ ಮಂಡೆ ಕುಗ್ಗಿತ್ತು, ಅಡಿಕೆಯ ತಿರುಳು ಕಪ್ಪಾಗಿ ಮೆತ್ತಗಿತ್ತು, ಬೇರಿನ ತುದಿ ಕೊಳೆತಿತ್ತು. "ಇದು ರೋಗದ್ದೇ ಲಕ್ಷಣ. ಲ್ಯಾಬಿನಲ್ಲಿ ಎಲೆ ಕೊಟ್ಟು ಖಾತ್ರಿ ಮಾಡಿಕೊಳ್ಳಿ" ಎಂದರು. ಮೇಲಿನ ಪಾಲಿನಲ್ಲಿ ಹಾಗಿರಲಿಲ್ಲ. ಮಂಡೆ ದುಂಡಗಿತ್ತು, ತಿರುಳು ಗಟ್ಟಿಯಿತ್ತು, ಬೇರು ಬಿಳಿಯಿತ್ತು. ಸೋಗೆಯ ಅಂಚು ಹಳದಿ, ನಡು ಹಸಿರು. "ಇವಕ್ಕೆ ರೋಗ ಅಲ್ಲ, ಹಸಿವು" ಎಂದರು.

ಅಪ್ಪ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮಣ್ಣು ತೆಗೆದದ್ದು ಹೀಗೆ. ಹತ್ತು–ಹನ್ನೆರಡು ಮರಗಳ ಬುಡದಿಂದ ಎರಡು ಮೂರು ಅಡಿ ದೂರದಲ್ಲಿ, ಮೇಲಿನ ಕಸ ಸರಿಸಿ, ಒಂದಡಿ ಆಳಕ್ಕೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಿ, ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನವರೆಗೆ ತೆಳುವಾಗಿ ಕೆರೆದು ತೆಗೆದೆವು. ಎಲ್ಲ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಅರ್ಧ ಕಿಲೋ ಉಳಿಯುವವರೆಗೆ ಹಾಗೆಯೇ ಮಾಡಿ ನೆರಳಲ್ಲಿ ಒಣಗಿಸಿದೆವು. ಕೆಳಗಿನ ಪಾಲಿನದ್ದು ಬೇರೆ ಚೀಲ, ಮೇಲಿನದ್ದು ಬೇರೆ.

ಮಣ್ಣು ಒಣಗುತ್ತಿದ್ದಾಗ ಜಗಲಿಯಲ್ಲಿ ಕೂತು ನಾನು ಪಿಎಚ್ ವಿವರಿಸಲು ಹೊರಟೆ. ಅಪ್ಪ ಅರ್ಧದಲ್ಲೇ ತಡೆದರು. "ಅಂದರೆ ಮದ್ದಿಗೆ ಕತ್ತಿ ಅದ್ದಿ ನೋಡುವ ಹಾಗೆಯಾ?"

ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಮುಂಚೆ ಬೋರ್ಡೋ ದ್ರಾವಣ ಬಿಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ದ್ರಾವಣ ಇನ್ನೂ ಹುಳಿ, ಸುಣ್ಣ ಸಾಲದು. ನಲವತ್ತು ವರ್ಷದಿಂದ ಪ್ರತಿ ಮೇ ತಿಂಗಳಲ್ಲಿ ಹುಳಿ ಅಳೆಯುತ್ತಿದ್ದ ಮನುಷ್ಯನಿಗೆ ನಾನು ಪಾಠ ಮಾಡಲು ಕೂತಿದ್ದೆ. "ಹಾಗೆಯೇ ಅಪ್ಪ. ಮಣ್ಣಿಗೂ ಕತ್ತಿ ಅದ್ದಿ ನೋಡಬೇಕಿತ್ತು, ಅಷ್ಟೆ" ಎಂದೆ.

ಫಲಿತಾಂಶ ನಾನು ಪುಣೆಗೆ ಮರಳಿದ ಮೇಲೆ ಬಂತು. ಮೇಲಿನ ಪಾಲಿನ ಪಿಎಚ್ 4.7. ಪೊಟ್ಯಾಷ್ ಕಡಿಮೆ, ಮೆಗ್ನೀಷಿಯಂ ಕಡಿಮೆ, ಕಬ್ಬಿಣ ಬೇಕಾದ್ದಕ್ಕಿಂತ ಹೆಚ್ಚು. ಮರಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ಡಾಲಮೈಟ್ ಸುಣ್ಣ ಹಾಕಲು ಬರೆದಿದ್ದರು. ಡಾಲಮೈಟಿನಲ್ಲಿ ಸುಣ್ಣದ ಜೊತೆ ಮೆಗ್ನೀಷಿಯಮ್ಮೂ ಇರುತ್ತದೆ. ಅದು ನಮ್ಮ ಮಣ್ಣಿನ ಲೆಕ್ಕ, ನಿಮ್ಮದು ಬೇರೆ ಇರಬಹುದು. ಸುಣ್ಣ ಹಾಕಿ ಕೆಲವು ವಾರ ಬಿಟ್ಟು ಗೊಬ್ಬರ. ಸುಣ್ಣದ ಜೊತೆಗೇ ಯೂರಿಯಾ ಬಿದ್ದರೆ ಸಾರಜನಕ ಗಾಳಿಗೆ ಹೋಗುತ್ತದೆ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂಬುದು ಹಳೆಯ ಶಿಫಾರಸು. ಅಪ್ಪನಿಗೆ ಅದು ಬಾಯಿಪಾಠ. ಮರೆತು ಬಿಟ್ಟದ್ದಲ್ಲ, ನನ್ನ ಮಾತು ನಂಬಿ ಬಿಟ್ಟದ್ದು.

ಕೆಳಗಿನ ಹನ್ನೊಂದು ಮರ ಉಳಿಯುವುದಿಲ್ಲ. ರೋಗ ಮೇಲಿನ ಪಾಲಿಗೆ ಹತ್ತಬಹುದು, ಹತ್ತದೆಯೂ ಇರಬಹುದು. ಆದರೆ ಹೊಟ್ಟೆ ತುಂಬಿದ ಮರ ಕಾಯಿಲೆಯನ್ನು ತಡೆದುಕೊಂಡಷ್ಟು ಹಸಿದ ಮರ ತಡೆದುಕೊಳ್ಳದು. ಹಳದಿಯಾದ ಸೋಗೆ ಮತ್ತೆ ಹಸಿರಾಗುವುದಿಲ್ಲ. ನೋಡಬೇಕಾದ್ದು ಇನ್ನು ಬರುವ ಸೋಗೆಯನ್ನು. ತೋಟ ಮಾರುವ ಮಾತು ಸದ್ಯಕ್ಕೆ ನಿಂತಿದೆ.

ಬರುವಾಗ ಒಂದು ಚೀಲ ಕೆಂಪು ಮಣ್ಣು ತಂದು ಕೇಪಳದ ಕುಂಡ ಬದಲಿಸಿದೆ. ಟ್ಯಾಂಕರ್ ನೀರಿನ ಬದಲು ಮಳೆ ನೀರು ಹಿಡಿದು ಹಾಕುತ್ತೇನೆ. ಈಗಿನ ಚಿಗುರು ಎಳೆಗೆಂಪಾಗಿ ಬಂದು ಹಸಿರಿಗೆ ತಿರುಗುತ್ತಿದೆ.

ಅಪ್ಪ ಈಗಲೂ ಫೋಟೋ ಕಳಿಸುತ್ತಾರೆ. ನಾನು ಉತ್ತರ ಹೇಳುವುದಿಲ್ಲ, ಕೇಳುತ್ತೇನೆ. ಯಾವ ಪಾಲಿನ ಮರ? ಎಷ್ಟನೇ ಸೋಗೆ? ಅಡಿಕೆ ಸೀಳಿ ನೋಡಿದಿರಾ? ಮೊನ್ನೆ ಹೀಗೆ ನಾಲ್ಕೈದು ಪ್ರಶ್ನೆ ಆದ ಮೇಲೆ ಅವರು ಹೇಳಿದರು, "ಇಷ್ಟೆಲ್ಲ ಕೇಳುವ ಬದಲು ನೀನೇ ಒಮ್ಮೆ ಬಂದು ನೋಡು ಮಾರಾಯ."

ಮುಂದಿನ ತಿಂಗಳಿಗೆ ರಜೆ ಹಾಕಿದ್ದೇನೆ.